ರಕ್ತ ಹೆಪ್ಪುಗಟ್ಟದ ಕಾಯಿಲೆ, ಮಿದುಳಿನ ಬೆಳವಣಿಗೆ ಮತ್ತು ತಾಯಿಯ ಕಡೆಯ ವಂಶಾವಳಿ: ನಮ್ಮ ಕುಟುಂಬಗಳು ತಿಳಿದಿರಬೇಕಾದ ವಿಜ್ಞಾನ

ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ಒಂದು ಸಂಬಂಧ ಕೂಡಿಸುವ ಮುನ್ನ ಹಿರಿಯರು ಬಹಳಷ್ಟು ವಿಚಾರಿಸುತ್ತಾರೆ. ಮನೆತನ ಹೇಗೆ, ಸೋದರಮಾವಂದಿರು ಯಾರು, ಹುಡುಗನ ಓದು ಎಷ್ಟು, ಅಂಗಡಿ ನಡೆಯುತ್ತಿದೆಯೇ ಎಂದು ಬೀದರ, ಕಲಬುರಗಿ, ಸೊಲ್ಲಾಪುರದ ನೆಂಟರ ಮೂಲಕ ತಿಳಿದುಕೊಳ್ಳುತ್ತಾರೆ. ಆದರೆ "ನಿಮ್ಮ ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲುತ್ತಿರಲಿಲ್ಲವೇ? ಮಾತು ತಡವಾದ, ಕಲಿಯಲು ಕಷ್ಟಪಟ್ಟ ಗಂಡುಮಕ್ಕಳು ಇದ್ದರೇ?" ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ನಿಜವಾದ ಉತ್ತರ ಸಿಗುವುದು ಕಷ್ಟ. ಮನೆಯಲ್ಲಿ ಇನ್ನೊಬ್ಬ ಹೆಣ್ಣುಮಗಳ ಮದುವೆ ಬಾಕಿ ಇದೆ ಎಂದರೆ ಕಾಯಿಲೆಯ ಮಾತು ಹೊಸ್ತಿಲು ದಾಟುವುದಿಲ್ಲ.

ಈ ಮೌನದಿಂದ ಮುಂದಿನ ಮಗುವಿಗೆ ತೊಂದರೆಯಾಗುತ್ತದೆ. ರಕ್ತ ಹೆಪ್ಪುಗಟ್ಟದ ಕಾಯಿಲೆ ಮತ್ತು ಮಿದುಳಿನ ಬೆಳವಣಿಗೆಯ ತೊಂದರೆ ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳು. ಆದರೆ ಇವುಗಳಲ್ಲಿ ಕೆಲವು ಮುಖ್ಯವಾದವು ಆರೋಗ್ಯವಂತರಾಗಿ ಕಾಣುವ ತಾಯಂದಿರ ಮೂಲಕ ಮಕ್ಕಳಿಗೆ ಬರುತ್ತವೆ. ಎರಡನ್ನೂ ಮೊದಲೇ ಗುರುತಿಸುವ ದಾರಿಯೂ ಒಂದೇ: ಮುಚ್ಚುಮರೆಯಿಲ್ಲದ ವಂಶಾವಳಿ ಮತ್ತು ಸಕಾಲದ ಪರೀಕ್ಷೆ. ಆ ವಿಜ್ಞಾನವನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಎರಡೂ ವಿಷಯಗಳನ್ನು ಅಧ್ಯಯನ ಮಾಡಿದ ಜೂಲಿಯಾ ಬೆಲ್

ಈ ಎರಡು ಕ್ಷೇತ್ರಗಳಲ್ಲೂ ಆರಂಭದ ಮುಖ್ಯ ಸಂಶೋಧನೆ ಮಾಡಿದವರು ಇಂಗ್ಲೆಂಡಿನ ಜೂಲಿಯಾ ಬೆಲ್ (1879–1979). ಅವರು ಕೇಂಬ್ರಿಡ್ಜಿನಲ್ಲಿ ಗಣಿತ ಓದಿದರು. ಆ ಕಾಲದಲ್ಲಿ ಕೇಂಬ್ರಿಡ್ಜ್ ಮಹಿಳೆಯರಿಗೆ ಪದವಿ ಕೊಡುತ್ತಿರಲಿಲ್ಲವಾದ್ದರಿಂದ ಡಬ್ಲಿನ್‌ನಿಂದ ಪದವಿ ಪಡೆದರು. ನಲವತ್ತರ ವಯಸ್ಸಿನಲ್ಲಿ, 1920ರಲ್ಲಿ, ವೈದ್ಯಕೀಯ ಶಿಕ್ಷಣವನ್ನೂ ಪೂರೈಸಿದರು. ನೂರಾರು ಕುಟುಂಬಗಳ ವಂಶಾವಳಿಗಳನ್ನು ಸಂಗ್ರಹಿಸಿ, ಯಾವ ಕಾಯಿಲೆ ಯಾರಿಂದ ಯಾರಿಗೆ ಬಂದಿದೆ ಎಂದು ಗಣಿತದ ಕಣ್ಣಿನಿಂದ ನೋಡುವುದು ಅವರ ವಿಧಾನವಾಗಿತ್ತು.

1937ರಲ್ಲಿ ಜೂಲಿಯಾ ಬೆಲ್ ಮತ್ತು ಜೆ.ಬಿ.ಎಸ್. ಹಾಲ್ಡೇನ್ ಸೇರಿ ಹಿಮೋಫಿಲಿಯಾ ಮತ್ತು ಬಣ್ಣಗುರುಡು ಇರುವ ಕುಟುಂಬಗಳನ್ನು ಪರಿಶೀಲಿಸಿದರು. ಎರಡರ ವಂಶವಾಹಿಗಳೂ ಎಕ್ಸ್ ವರ್ಣತಂತುವಿನ ಮೇಲೆ ಹತ್ತಿರ ಹತ್ತಿರ ಇವೆ ಎಂದು ತೋರಿಸಿದರು. ಈ ಹಾಲ್ಡೇನ್ ನಮ್ಮ ದೇಶಕ್ಕೂ ಬೇಕಾದವರು. 1957ರಲ್ಲಿ ಭಾರತಕ್ಕೆ ಬಂದು ಕಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಕೆಲಸ ಮಾಡಿ, ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಆರು ವರ್ಷಗಳ ನಂತರ, 1943ರಲ್ಲಿ, ಜೂಲಿಯಾ ಬೆಲ್ ಮತ್ತು ವೈದ್ಯ ಜೇಮ್ಸ್ ಪರ್ಡನ್ ಮಾರ್ಟಿನ್ ಇನ್ನೊಂದು ಕುಟುಂಬದ ವಿವರ ಪ್ರಕಟಿಸಿದರು. ಆ ಕುಟುಂಬದಲ್ಲಿ 11 ಗಂಡಸರಿಗೆ ಬೌದ್ಧಿಕ ನ್ಯೂನತೆ ಇತ್ತು. ಅದು ತಾಯಂದಿರ ಮೂಲಕವೇ ಬಂದಿತ್ತು. ಅದಕ್ಕೆ ಮಾರ್ಟಿನ್–ಬೆಲ್ ಸಿಂಡ್ರೋಮ್ ಎಂಬ ಹೆಸರು ಬಂತು. ಇಂದು ಅದನ್ನು ಫ್ರಾಜೈಲ್ ಎಕ್ಸ್ ಎಂದು ಕರೆಯುತ್ತಾರೆ. ಅದರ ವಂಶವಾಹಿಯನ್ನು ವಿಜ್ಞಾನಿಗಳು 1991ರಲ್ಲಿ ಗುರುತಿಸಿದರು. ನಂತರ ತಿಳಿದ ಸಂಗತಿ ಎಂದರೆ, ಹಿಮೋಫಿಲಿಯಾದ ಎರಡು ವಂಶವಾಹಿಗಳೂ ಫ್ರಾಜೈಲ್ ಎಕ್ಸ್‌ನ ವಂಶವಾಹಿಯೂ ಎಕ್ಸ್ ವರ್ಣತಂತುವಿನ ಉದ್ದನೆಯ ತೋಳಿನ ತುದಿಯ ಭಾಗದಲ್ಲೇ ಇವೆ.

ತಾಯಿಯಿಂದ ಮಗನಿಗೆ: ಎಕ್ಸ್ ವರ್ಣತಂತುವಿನ ಲೆಕ್ಕ

ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಹೆಣ್ಣಿನ ಒಂದು ಎಕ್ಸ್‌ನಲ್ಲಿ ದೋಷವಿದ್ದರೆ ಇನ್ನೊಂದು ಸಾಮಾನ್ಯವಾಗಿ ಅದರ ಕೆಲಸವನ್ನು ತೂಗಿಸಿಕೊಂಡು ಹೋಗುತ್ತದೆ. ಹೀಗೆ ದೋಷವನ್ನು ಹೊತ್ತೂ ಆರೋಗ್ಯವಾಗಿರುವವರನ್ನು ವಾಹಕಿ ಎನ್ನುತ್ತಾರೆ. ಗಂಡುಮಗುವಿಗೆ ಇರುವುದೇ ಒಂದು ಎಕ್ಸ್. ಅದು ತಾಯಿಯಿಂದಲೇ ಬರುತ್ತದೆ. ಅದರಲ್ಲಿ ದೋಷವಿದ್ದರೆ ತೂಗಿಸಲು ಇನ್ನೊಂದಿಲ್ಲ.

ಹಿಮೋಫಿಲಿಯಾದ ಲೆಕ್ಕ ಹೀಗಿದೆ. ತಾಯಿ ವಾಹಕಿಯಾಗಿದ್ದರೆ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಎರಡರಲ್ಲಿ ಒಂದು. ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಎರಡರಲ್ಲಿ ಒಂದು. ಕಾಯಿಲೆ ತಂದೆಗಿದ್ದರೆ ಅವನ ಹೆಣ್ಣುಮಕ್ಕಳೆಲ್ಲ ವಾಹಕಿಯರಾಗುತ್ತಾರೆ, ಗಂಡುಮಕ್ಕಳಿಗೆ ಅವನಿಂದ ಅದು ಬರುವುದಿಲ್ಲ. ಈ ಸಾಧ್ಯತೆ ಪ್ರತಿ ಗರ್ಭಕ್ಕೂ ಹೊಸದಾಗಿ ಅನ್ವಯಿಸುತ್ತದೆ. ಮೊದಲನೆಯ ಮಗ ಆರೋಗ್ಯವಾಗಿದ್ದಾನೆ ಎಂದ ಮಾತ್ರಕ್ಕೆ ಎರಡನೆಯವನಿಗೆ ಬರುವುದಿಲ್ಲ ಎಂದು ಹೇಳುವಂತಿಲ್ಲ.

ಇಲ್ಲಿ ಎರಡು ಮಾತು ಗಮನಿಸಬೇಕು. ಮೊದಲನೆಯದು, ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕುಟುಂಬದಲ್ಲಿ ಹಿಂದೆ ಯಾರಿಗೂ ಅದು ಇದ್ದ ದಾಖಲೆ ಇರುವುದಿಲ್ಲ. ವಂಶವಾಹಿಯಲ್ಲಿ ಹೊಸದಾಗಿ ಬದಲಾವಣೆ ಆಗಿರುತ್ತದೆ, ಇಲ್ಲವೇ ಹೆಣ್ಣುಮಕ್ಕಳಲ್ಲೇ ಸಾಗಿ ಬಂದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಆದ್ದರಿಂದ "ನಮ್ಮ ಮನೆತನದಲ್ಲಿ ಇರಲಿಲ್ಲ, ಸೊಸೆ ತಂದದ್ದು" ಎಂಬ ಮಾತಿಗೆ ಆಧಾರವಿಲ್ಲ. ಎರಡನೆಯದು, ವಾಹಕಿಯರಿಗೆ ಯಾವ ತೊಂದರೆಯೂ ಇರುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಹೆಣ್ಣಿನ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್‌ಗಳಲ್ಲಿ ಒಂದು ಬಹುಮಟ್ಟಿಗೆ ಕೆಲಸ ನಿಲ್ಲಿಸಿರುತ್ತದೆ. ಹೆಚ್ಚಿನ ಕೋಶಗಳಲ್ಲಿ ಒಳ್ಳೆಯ ಎಕ್ಸ್ ನಿಂತುಬಿಟ್ಟಿದ್ದರೆ ಅವಳಿಗೂ ರಕ್ತಸ್ರಾವದ ತೊಂದರೆ ಬರಬಹುದು. ಮುಟ್ಟಿನಲ್ಲಿ ಅತಿಯಾದ ಸ್ರಾವ, ಹೆರಿಗೆಯ ನಂತರ ನಿಲ್ಲದ ರಕ್ತ ಇದರ ಲಕ್ಷಣಗಳಾಗಿರಬಹುದು. ಎಕ್ಸ್ ವರ್ಣತಂತು ಹೀಗೆ ನಿಷ್ಕ್ರಿಯವಾಗುವ ಬಗ್ಗೆ ಸಂಶೋಧನೆ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಶರತ್‌ಚಂದ್ರ ಒಬ್ಬರು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಅವರೇ.

ಕುಸುಮ ರೋಗ: ಮನೆಯಲ್ಲಿ ಗುರುತಿಸುವುದು ಹೇಗೆ?

ಹಿಮೋಫಿಲಿಯಾವನ್ನು ಕನ್ನಡದಲ್ಲಿ ಕುಸುಮ ರೋಗ ಎಂದೂ ಕರೆಯುತ್ತಾರೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಹಲವು ಪ್ರೋಟೀನುಗಳು ಒಂದರ ನಂತರ ಒಂದು ಕೆಲಸ ಮಾಡಬೇಕು. ಇವುಗಳನ್ನು ಫ್ಯಾಕ್ಟರ್ ಎನ್ನುತ್ತಾರೆ. 8ನೇ ಫ್ಯಾಕ್ಟರ್ ಕೊರತೆಯಾದರೆ ಹಿಮೋಫಿಲಿಯಾ ಎ, 9ನೆಯದರ ಕೊರತೆಯಾದರೆ ಹಿಮೋಫಿಲಿಯಾ ಬಿ. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಎ ವಿಧ ಬರುತ್ತದೆ. ಬಿ ಅದಕ್ಕಿಂತ ಅಪರೂಪ. ಫ್ಯಾಕ್ಟರ್ ಪ್ರಮಾಣ ಸಾಮಾನ್ಯ ಮಟ್ಟದ ಶೇ. 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5ರವರೆಗೆ ಮಧ್ಯಮ, 5ರಿಂದ 40ರವರೆಗೆ ಸೌಮ್ಯ ಎಂದು ಲೆಕ್ಕ.

ಮಗು ಅಂಬೆಗಾಲಿಡುವಾಗ ಮೈಮೇಲೆ ನೀಲಿಗಟ್ಟುವುದು, ಲಸಿಕೆ ಹಾಕಿದ ಜಾಗ ಬಾತುಕೊಳ್ಳುವುದು, ಕಿವಿ ಚುಚ್ಚಿಸಿದಾಗ ಅಥವಾ ಹಲ್ಲು ಬಿದ್ದಾಗ ಗಂಟೆಗಟ್ಟಲೆ ರಕ್ತ ಒಸರುವುದು ಮೊದಲ ಸೂಚನೆಗಳು. ಮುಂದೆ ಮೊಣಕಾಲು, ಮೊಣಕೈ, ಪಾದದ ಕೀಲುಗಳೊಳಗೆ ರಕ್ತ ಸೋರಿ ನೋವು, ಬಾವು ಬರುತ್ತದೆ. ಅದು ಮತ್ತೆ ಮತ್ತೆ ಆದರೆ ಕೀಲು ಹಾಳಾಗಿ ಹುಡುಗ ಕುಂಟುವಂತಾಗುತ್ತದೆ. ತಲೆಯೊಳಗೆ ರಕ್ತಸ್ರಾವವಾದರೆ ಜೀವಕ್ಕೇ ಅಪಾಯ. ಬದುಕಿ ಉಳಿದ ಮಗುವಿನ ಮಿದುಳಿಗೂ ಪೆಟ್ಟು ಬೀಳಬಹುದು.

ಇಂಥ ಮಗುವಿಗೆ ಮಾಂಸಖಂಡಕ್ಕೆ ಚುಚ್ಚುಮದ್ದು ಕೊಡಿಸುವ ಮುನ್ನ ವೈದ್ಯರಿಗೆ ವಿಷಯ ತಿಳಿಸಬೇಕು. ನೋವಿಗೆಂದು ಆಸ್ಪಿರಿನ್ ಕೊಡಬಾರದು. ಕೀಲು ಬಾತಾಗ ಎಣ್ಣೆ ಹಚ್ಚಿ ತಿಕ್ಕಿಸಬಾರದು. ವಿಶ್ರಾಂತಿ ಕೊಟ್ಟು, ಐಸ್ ಇಟ್ಟು, ಆಸ್ಪತ್ರೆಗೆ ಕರೆದೊಯ್ಯಬೇಕು. ಎಪಿಟಿಟಿ ಎಂಬ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಲು ಹೆಚ್ಚು ಸಮಯ ಹಿಡಿದಿದ್ದರೆ ಫ್ಯಾಕ್ಟರ್ ಪ್ರಮಾಣ ಅಳೆಯುವ ಪರೀಕ್ಷೆ ಮಾಡುತ್ತಾರೆ. ಸೌಮ್ಯ ವಿಧದಲ್ಲಿ ಎಪಿಟಿಟಿ ಕೆಲವೊಮ್ಮೆ ಸರಿಯಾಗಿಯೇ ಬರಬಹುದು. ಹಾಗಾಗಿ ಸಂಶಯವಿದ್ದರೆ ಫ್ಯಾಕ್ಟರ್ ಪರೀಕ್ಷೆಯನ್ನೇ ಕೇಳಬೇಕು.

ಈ ಕಾಯಿಲೆಯೊಂದಿಗೆ ಪೂರ್ಣ ಬದುಕು ಸಾಧ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ರೋಗನಿದಾನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಸುರೇಶ್ ಹನಗವಾಡಿ ಅವರಿಗೆ ಸ್ವತಃ ಹಿಮೋಫಿಲಿಯಾ ಇದೆ. ಅವರು ಮುನ್ನಡೆಸಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ದಾವಣಗೆರೆಯಿಂದ ರಾಜ್ಯದ ರೋಗಿಗಳಿಗಾಗಿ ಕೆಲಸ ಮಾಡುತ್ತಿದೆ. ಚಿಕಿತ್ಸೆಯೂ ಮುಂದುವರಿದಿದೆ. ಕೊರತೆಯಾದ ಫ್ಯಾಕ್ಟರನ್ನು ರಕ್ತನಾಳದ ಮೂಲಕ ಕೊಡುವುದರ ಜೊತೆಗೆ, ಚರ್ಮದಡಿಯಲ್ಲಿ ಕೊಡುವ ಎಮಿಸಿಜುಮ್ಯಾಬ್ ಎಂಬ ಔಷಧಿಯೂ ಬಂದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಅಲೋಕ್ ಶ್ರೀವಾಸ್ತವ ಮತ್ತು ತಂಡ ತೀವ್ರ ಹಿಮೋಫಿಲಿಯಾ ಎ ಇರುವ 5 ಮಂದಿಗೆ ಅವರದೇ ರಕ್ತದ ಮೂಲಕೋಶಗಳಲ್ಲಿ ಸರಿಯಾದ ವಂಶವಾಹಿಯನ್ನು ಸೇರಿಸುವ ಚಿಕಿತ್ಸೆ ನೀಡಿದ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಇದು ಇನ್ನೂ ಪ್ರಯೋಗದ ಹಂತ. ಆದರೂ ಈ ಕೆಲಸ ನಮ್ಮ ನೆರೆಯಲ್ಲೇ ನಡೆಯುತ್ತಿದೆ ಎಂಬುದು ಭರವಸೆಯ ಸಂಗತಿ.

ಮಾತು, ಕಲಿಕೆ ತಡವಾದಾಗ

ಫ್ರಾಜೈಲ್ ಎಕ್ಸ್‌ನಲ್ಲಿ ವಂಶವಾಹಿಯ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಪುನರಾವರ್ತನೆ ಆಗಿರುತ್ತದೆ. ಸಾಮಾನ್ಯರಲ್ಲಿ ಇದು 45ಕ್ಕಿಂತ ಕಡಿಮೆ ಸಲ ಇರುತ್ತದೆ. 55ರಿಂದ 200ರವರೆಗೆ ಇದ್ದರೆ ಪೂರ್ವ ಹಂತ. 200 ದಾಟಿದರೆ ವಂಶವಾಹಿ ಕೆಲಸ ನಿಲ್ಲಿಸುತ್ತದೆ. ತಾಯಿಯಿಂದ ಮಗುವಿಗೆ ದಾಟುವಾಗ ಈ ಸಂಖ್ಯೆ ಬೆಳೆಯಬಹುದು. ಅಜ್ಜನಲ್ಲಿ ಇದ್ದರೂ ಕಾಣದ್ದು ಮಗಳ ಮೂಲಕ ಮೊಮ್ಮಗನಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಮೊಮ್ಮಗನಿಗೆ ಮಾತು ತಡವಾಗುತ್ತದೆ, ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ, ಚಂಚಲತೆ ಇರುತ್ತದೆ. ಪೂರ್ವ ಹಂತದ ವಾಹಕಿಯರಲ್ಲಿ ಕೆಲವರಿಗೆ ನಲವತ್ತು ತುಂಬುವ ಮೊದಲೇ ಮುಟ್ಟು ನಿಲ್ಲುತ್ತದೆ. ಕೆಲವು ಅಜ್ಜಂದಿರಿಗೆ ಇಳಿವಯಸ್ಸಿನಲ್ಲಿ ಕೈ ನಡುಕ, ನಡಿಗೆಯಲ್ಲಿ ತೂರಾಟ ಬರುತ್ತದೆ. ಮೂರು ತಲೆಮಾರಿನ ಮೂರು ಬೇರೆ ಬೇರೆ ತೊಂದರೆಗಳಿಗೆ ಕಾರಣ ಒಂದೇ ಇರಬಹುದೆಂದು ವಂಶಾವಳಿ ಬರೆದಾಗಲೇ ಹೊಳೆಯುವುದು.

ಮಿದುಳಿನ ಬೆಳವಣಿಗೆಯ ತೊಂದರೆಗಳೆಲ್ಲ ಎಕ್ಸ್ ವರ್ಣತಂತುವಿನಿಂದ ಬರುವುದಿಲ್ಲ. ತಂದೆ ತಾಯಿ ಇಬ್ಬರೂ ಒಂದೇ ದೋಷದ ವಾಹಕರಾಗಿದ್ದಾಗ, ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದು ಸಾಧ್ಯತೆಯಲ್ಲಿ ಬರುವ ಕಾಯಿಲೆಗಳು ಹಲವಾರಿವೆ. ತಲೆ ಮತ್ತು ಮಿದುಳು ಚಿಕ್ಕದಾಗಿಯೇ ಉಳಿಯುವ ಮೈಕ್ರೊಸೆಫಲಿಯ ಕೆಲವು ವಿಧಗಳು ಇಂಥವು. ಇವುಗಳಲ್ಲಿ ಒಂದಕ್ಕೆ ಸ್ಟಿಲ್ ಎಂಬ ವಂಶವಾಹಿ ಕಾರಣ ಎಂದು 2009ರಲ್ಲಿ ಕಂಡುಹಿಡಿದದ್ದು ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್, ನಿಮ್ಹಾನ್ಸ್‌ನ ಡಾ. ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಭಾರತದ ಕುಟುಂಬಗಳನ್ನು ಅಧ್ಯಯನ ಮಾಡಿ ಇದನ್ನು ತೋರಿಸಿದರು.

ಸೋದರ ಸಂಬಂಧ ಮತ್ತು ಚಿಕ್ಕ ಸಮಾಜ

ದಕ್ಷಿಣ ಭಾರತದಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಮಕ್ಕಳ ತಪಾಸಣೆಯ ಜೊತೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ ಹಾಗೂ ವಿದೇಶದ ಎ.ಎಚ್. ಬಿಟ್ಲ್ಸ್ ಮೊದಲಾದವರು ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದರಷ್ಟು ತಂದೆತಾಯಿಯರು ರಕ್ತಸಂಬಂಧಿಗಳಾಗಿದ್ದರು. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಗಂಭೀರ ತೊಂದರೆ ಇರುತ್ತದೆ. ಅತ್ತೆಯ ಅಥವಾ ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಇದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಸೋದರಮಾವನ ಮದುವೆಯಲ್ಲಿ ರಕ್ತಸಂಬಂಧ ಇನ್ನೂ ಹತ್ತಿರದ್ದು. ಇಂಥ ಮದುವೆಗಳಲ್ಲಿ ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಕುಟುಂಬದಲ್ಲಿ ಒಂದು ಕಾಯಿಲೆ ಈಗಾಗಲೇ ಇದ್ದರೆ ಲೆಕ್ಕ ಬದಲಾಗುತ್ತದೆ. ಉದಾಹರಣೆಗೆ, ಹಿಮೋಫಿಲಿಯಾ ಇರುವವನು ತನ್ನ ಅಕ್ಕನ ಮಗಳನ್ನು ಮದುವೆಯಾದರೆ, ಆಕೆಯೂ ವಾಹಕಿಯಾಗಿದ್ದರೆ, ಹೆಣ್ಣುಮಕ್ಕಳಿಗೂ ಕಾಯಿಲೆ ಬರಬಹುದು.

ಹತ್ತಿರದ ಸಂಬಂಧವಲ್ಲದಿದ್ದರೂ ಚಿಕ್ಕ ಸಮಾಜದೊಳಗೇ ತಲೆಮಾರುಗಳ ಕಾಲ ಮದುವೆಯಾದಾಗ ಒಂದೇ ದೋಷದ ವಾಹಕರು ಸೇರುವ ಸಾಧ್ಯತೆ ಹೆಚ್ಚುತ್ತದೆ. ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಅಮೆರಿಕದ ವಿಜ್ಞಾನಿಗಳು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಜನಸಮುದಾಯಗಳ ಅಧ್ಯಯನ ಪ್ರಕಟಿಸಿದರು. ಅವುಗಳಲ್ಲಿ 81 ಸಮುದಾಯಗಳಲ್ಲಿ ಇಂಥ ಪರಿಣಾಮ ಬಲವಾಗಿ ಕಂಡಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ, ಅಂದರೆ ಶೇ. 0.72. ಅದರೊಳಗೂ ಪಂಗಡಗಳಿವೆ. ಬೀದರ ಜಿಲ್ಲೆಯ ಊರುಗಳಲ್ಲಿ ನಾವು ಇರುವುದು ಕೆಲವೇ ಮನೆಗಳು. ನಮ್ಮಂಥ ಚಿಕ್ಕ ಸಮಾಜಕ್ಕೆ ವಂಶಾವಳಿಯ ಅರಿವು ಇತರರಿಗಿಂತ ಹೆಚ್ಚು ಬೇಕು.

ಎಲ್ಲವೂ ವಂಶದಿಂದ ಬಂದದ್ದಲ್ಲ: ಬಿ12 ಕೊರತೆ

ಸಸ್ಯಾಹಾರಿಗಳಾದ ನಾವು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ರಕ್ತದಲ್ಲಿ ಹೋಮೊಸಿಸ್ಟೀನ್ ಎಂಬ ಅಂಶವಿರುತ್ತದೆ. ಹೋಮೊಸಿಸ್ಟಿನೂರಿಯಾ ಎಂಬ ಅಪರೂಪದ ವಂಶವಾಹಿ ಕಾಯಿಲೆಯಲ್ಲಿ ಇದು ವಿಪರೀತ ಏರಿ, ಒಂದು ಕಡೆ ರಕ್ತನಾಳಗಳಲ್ಲಿ ಬೇಡದ ಕಡೆ ರಕ್ತ ಹೆಪ್ಪುಗಟ್ಟುತ್ತದೆ, ಇನ್ನೊಂದು ಕಡೆ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬಿ6 ಜೀವಸತ್ವದಿಂದ ಪ್ರಯೋಜನವಾಗುತ್ತದೆ.

ಹೋಮೊಸಿಸ್ಟೀನ್ ಏರಲು ವಂಶವಾಹಿ ದೋಷವೇ ಬೇಕೆಂದಿಲ್ಲ. ಬಿ12 ಜೀವಸತ್ವದ ಕೊರತೆಯಲ್ಲೂ ಏರುತ್ತದೆ. ತರಕಾರಿ, ಧಾನ್ಯಗಳಲ್ಲಿ ಬಿ12 ಇಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ತಾಯಿಗೆ ತೀವ್ರ ಕೊರತೆಯಿದ್ದು ಮಗು ಎದೆಹಾಲನ್ನೇ ನೆಚ್ಚಿಕೊಂಡಿದ್ದರೆ, ಆರು ತಿಂಗಳಿಂದ ಒಂದೂವರೆ ವರ್ಷದ ಒಳಗೆ ಮಗು ಮಂಕಾಗುವುದು, ಕಲಿತದ್ದನ್ನು ಮರೆಯುವುದು, ಮೈಬಣ್ಣ ಕಪ್ಪಾಗುವುದು, ಕೂದಲು ತೆಳುವಾಗುವುದು, ನಡುಗುವುದು ಕಾಣಿಸಬಹುದು. ಇದನ್ನು "ಬುದ್ಧಿ ಬೆಳೆಯದ ಮಗು" ಎಂದು ಕೈಬಿಡಬಾರದು. ಬೇಗ ಚಿಕಿತ್ಸೆ ಸಿಕ್ಕರೆ ಮಗು ಚೇತರಿಸಿಕೊಳ್ಳುತ್ತದೆ. ಗರ್ಭಿಣಿಯರು ಬಿ12 ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ಔಷಧಿ ತೆಗೆದುಕೊಳ್ಳಬೇಕು. ಔಷಧಿಯ ಬಿ12 ಸೂಕ್ಷ್ಮಾಣುಗಳಿಂದ ತಯಾರಾಗುತ್ತದೆ. ಜೆಲಟಿನ್ ಕ್ಯಾಪ್ಸೂಲ್ ಬೇಡವೆನ್ನುವವರು ಮಾತ್ರೆ, ಸಿರಪ್ ಅಥವಾ ಇಂಜೆಕ್ಷನ್ ಕೇಳಬಹುದು.

ಪರೀಕ್ಷೆ ಮತ್ತು ಅಹಿಂಸೆ

"ಗರ್ಭಪಾತ ಮಾಡಿಸುವುದಿಲ್ಲ ಎಂದ ಮೇಲೆ ಪರೀಕ್ಷೆ ಏಕೆ?" ಎಂದು ನಮ್ಮ ಅನೇಕ ಮನೆಗಳಲ್ಲಿ ಕೇಳುತ್ತಾರೆ. ಪ್ರಾಮಾಣಿಕ ಪ್ರಶ್ನೆ. ಪರೀಕ್ಷೆಯ ಪ್ರಯೋಜನ ಅದಕ್ಕಷ್ಟೇ ಸೀಮಿತವಾಗಿಲ್ಲ. ತಾಯಿ ಹಿಮೋಫಿಲಿಯಾ ವಾಹಕಿ ಎಂದು ಗೊತ್ತಿದ್ದರೆ ಹೆರಿಗೆಯಲ್ಲಿ ಇಕ್ಕಳ, ವ್ಯಾಕ್ಯೂಮ್ ಬಳಸುವುದನ್ನು ವೈದ್ಯರು ತಪ್ಪಿಸುತ್ತಾರೆ. ಫ್ಯಾಕ್ಟರ್ ಸಿಗುವ ಆಸ್ಪತ್ರೆಯಲ್ಲೇ ಹೆರಿಗೆಗೆ ಏರ್ಪಾಡಾಗುತ್ತದೆ. ಹೊಕ್ಕುಳಬಳ್ಳಿಯ ರಕ್ತದಿಂದ ಅಂದೇ ಮಗುವಿನ ಪರೀಕ್ಷೆ ಆಗುತ್ತದೆ. ತಾಯಿಯ ರಕ್ತಸ್ರಾವಕ್ಕೂ ಸಿದ್ಧತೆ ಇರುತ್ತದೆ. ಮೊದಲೇ ತಿಳಿದುಕೊಂಡದ್ದರಿಂದ ಎರಡು ಜೀವ ಉಳಿಯಬಹುದು. ವಾಹಕಿಯ ಪರೀಕ್ಷೆಯನ್ನು ಗರ್ಭ ಧರಿಸುವ ಮೊದಲೇ ಮಾಡಿಸುವುದು ಉತ್ತಮ. ಭ್ರೂಣದ ಲಿಂಗ ತಿಳಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ವಂಶವಾಹಿ ಕಾಯಿಲೆಯ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅದೇ ಕಾಯ್ದೆ ಅವಕಾಶ ಕೊಡುತ್ತದೆ.

ನಮ್ಮ ಭಾಗದವರು ಎಲ್ಲಿಗೆ ಹೋಗಬೇಕು?

ಬಸವಕಲ್ಯಾಣ, ಹುಮನಾಬಾದಿನವರು ಮೊದಲು ಬೀದರಿನ ಬ್ರಿಮ್ಸ್ ಅಥವಾ ಕಲಬುರಗಿಯ ಜಿಮ್ಸ್‌ನಲ್ಲಿ ವಿಚಾರಿಸಬಹುದು. 2017ರಲ್ಲಿ ಪೂರ್ಣಗೊಂಡ ಬೀದರ–ಕಲಬುರಗಿ ರೈಲು ಮಾರ್ಗ ಹುಮನಾಬಾದಿನ ಮೂಲಕವೇ ಹೋಗುತ್ತದೆ. ವಂಶವಾಹಿ ಸಲಹೆ ಮತ್ತು ಪರೀಕ್ಷೆಗೆ ಹೆದ್ದಾರಿಯ ಮೇಲಿರುವ ಹುಮನಾಬಾದಿನಿಂದ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. ಅಲ್ಲಿ ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಮತ್ತು ಸಿಡಿಎಫ್‌ಡಿ ಇವೆ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ, ಮಿದುಳಿನ ಬೆಳವಣಿಗೆಯ ತೊಂದರೆಗಳಿಗೆ ನಿಮ್ಹಾನ್ಸ್ ಇವೆ. ಒಂದೂವರೆ ವರ್ಷವಾದರೂ ನಡೆಯದ, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತಾಡದ ಮಗುವನ್ನು "ಅವರಪ್ಪನೂ ಹಾಗೇ ಇದ್ದ" ಎಂದು ಸುಮ್ಮನೆ ಬಿಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ಇಂಥ ಮಕ್ಕಳನ್ನು ಗುರುತಿಸಿ ಮುಂದಿನ ಚಿಕಿತ್ಸೆಗೆ ಕಳಿಸುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವಿಧದ ನ್ಯೂನತೆಗಳನ್ನು ಗುರುತಿಸಿದೆ. ಹಿಮೋಫಿಲಿಯಾ, ಬೌದ್ಧಿಕ ನ್ಯೂನತೆ, ಆಟಿಸಂ, ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿವೆ. ಯುಡಿಐಡಿ ಗುರುತಿನ ಚೀಟಿಗೆ ಅರ್ಜಿ ಹಾಕಲು ನಾಚಿಕೆಪಡಬೇಕಿಲ್ಲ.

ವಂಶಾವಳಿ ಬರೆಯೋಣ

ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆಯಿರಿ. ತಂದೆಯ ಕಡೆಯಷ್ಟೇ ಸಾಲದು. ತಾಯಿ, ತಾಯಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಅಜ್ಜಿಯ ಒಡಹುಟ್ಟಿದವರು ಎಲ್ಲರೂ ಇರಲಿ. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ರಕ್ತ ನಿಲ್ಲದವರು, ಮಾತು ಬಾರದವರು, ಫಿಟ್ಸ್ ಇದ್ದವರು, ಯಾವ ಮದುವೆ ಸೋದರಿಕೆಯದು ಎಂಬುದನ್ನು ಗುರುತು ಹಾಕಿ. ಇದಕ್ಕೆ ಮನೆಯ ಅಜ್ಜಿಯರೇ ಬೇಕು. ಅವರಿಗೆ ಗೊತ್ತಿರುವಷ್ಟು ಯಾವ ಆಸ್ಪತ್ರೆಯ ಕಡತದಲ್ಲೂ ಇರುವುದಿಲ್ಲ. ಜೂಲಿಯಾ ಬೆಲ್ ಅವರ ಸಂಶೋಧನೆ ಆರಂಭವಾದದ್ದೂ ಇಂಥ ಹಾಳೆಗಳಿಂದಲೇ.

ಒಂದು ಮನೆಯಲ್ಲಿ ಹುಡುಗನಿಗೆ ಹಿಮೋಫಿಲಿಯಾ ಅಥವಾ ಫ್ರಾಜೈಲ್ ಎಕ್ಸ್ ಎಂದು ಗೊತ್ತಾದರೆ, ಆ ಸುದ್ದಿ ಅವನ ಅಕ್ಕತಂಗಿಯರಿಗೆ, ತಾಯಿಯ ಅಕ್ಕತಂಗಿಯರಿಗೆ, ಅವರ ಹೆಣ್ಣುಮಕ್ಕಳಿಗೆ ತಲುಪಬೇಕು. ಅವರು ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋಗಿರುತ್ತಾರೆ. ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೆರಿಗೆಯ ಮೇಜಿನ ಮೇಲೆ.

ಇದು ನಡೆಯಬೇಕಾದರೆ ಬೀಗರಾಗುವವರ ಜವಾಬ್ದಾರಿಯೂ ಇದೆ. ಹೆಣ್ಣಿನ ಮನೆಯವರು ನಿಜ ಹೇಳಿದರೆ ಸಂಬಂಧ ಮುರಿಯುವುದಾದರೆ, ಮುಂದೆ ಯಾರೂ ನಿಜ ಹೇಳುವುದಿಲ್ಲ. ಕಾಣದ ದೋಷವನ್ನು ಹೊತ್ತವರು ಪ್ರತಿ ಮನೆಯಲ್ಲೂ ಇದ್ದಾರೆ. ಪ್ರತಿಯೊಬ್ಬರ ವಂಶವಾಹಿಗಳಲ್ಲೂ ಅಂಥ ಒಂದೆರಡಾದರೂ ಇರುತ್ತವೆ. ಆದ್ದರಿಂದ ಮದುವೆ ಮಾತುಕತೆಯಲ್ಲಿ ಈ ವಿಷಯ ಬಂದಾಗ ಎರಡೂ ಮನೆಯವರು ವೈದ್ಯರ ಬಳಿ ಜೊತೆಯಾಗಿ ಹೋಗಿ, ಮುಂದೆ ಹುಟ್ಟುವ ಮಗುವಿಗಾಗಿ ಏನು ಸಿದ್ಧತೆ ಬೇಕೆಂದು ಕೇಳಿಕೊಂಡು ಬರಲಿ.